ಬೇಲೂರಲ್ಲಿ ತೆಗೆದ ರೀಲು, ಅರಸೀಕೆರೆಯಲ್ಲಿ ಎದ್ದ ಗದ್ದಲ!

ಚಿತ್ರರಸಿಕ ಮಿತ್ರರೇ, ತಾರೆಯರ ಮನೆಯ ಗುಟ್ಟು ತಿಳಿಯುವ ಆಸೆ ಯಾರಿಗಿಲ್ಲ ಹೇಳಿ? ನನಗೂ ಇತ್ತು. ಆದರೆ ನಮ್ಮ ಬೀದಿಯ ಹುಡುಗಿಯೊಬ್ಬಳ ಮಾನವನ್ನು ನಾನೇ ಹತ್ತು ಜನರ ಬಾಯಿಗೆ ಹಾಕಿದೆನಲ್ಲ... ಆ ಕಥೆ ಕೇಳಿ.

ನಾನು ಅರಸೀಕೆರೆಯವನು. ಅಪ್ಪು ಅಭಿಮಾನಿ. ಇನ್‌ಸ್ಟಾಗ್ರಾಂನಲ್ಲಿ ಅಪ್ಪು ಹೆಸರಿನ ಒಂದು ಪುಟ ನಡೆಸುತ್ತಿದ್ದೆ. ಫಾಲೋಯರ್ಸ್ ಏರಬೇಕು, ಹಗಲೂ ರಾತ್ರಿ ಅದೇ ಜಪ! ಒಂದು ಭಾನುವಾರ ಗೆಳೆಯರ ಜೊತೆ ಬಸ್ಸು ಹತ್ತಿ ಹಳೇಬೀಡು ನೋಡಿಕೊಂಡು, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ ಹೋದೆ. ವಿಷ್ಣುವರ್ಧನ ಮಹಾರಾಜ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ. ಬಿ.ಎಸ್. ರಂಗಾ ಅವರು 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಕೊಟ್ಟರಲ್ಲ, ಆ ಜಕಣಾಚಾರಿಯ ಕಥೆ ಹುಟ್ಟಿದ ಜಾಗ. ಸಿನಿಮಾ ಹುಚ್ಚಿನವನ ಕೈಯಲ್ಲಿ ಫೋನು ಸುಮ್ಮನಿರುತ್ತದೆಯೇ? ಗುಡಿಯ ಹೊರಗೆ ದರ್ಪಣ ಸುಂದರಿ ಕಾಣುವ ಹಾಗೆ ನಿಂತು, ಅಪ್ಪು ಸ್ಟೈಲಿನಲ್ಲಿ ನಾಲ್ಕು ಹೆಜ್ಜೆ ನಡೆದು, ರೀಲು ಮಾಡಿ, ಊರಿನ ಹೆಸರನ್ನೂ ಸೇರಿಸಿ ಅಲ್ಲಿಂದಲೇ ಬಿಟ್ಟೆ. ಪುಟ ‘ಪಬ್ಲಿಕ್’. ನೋಡೋಕೆ ಟಿಕೆಟ್ಟೂ ಬೇಡ, ಗೇಟ್‌ಕೀಪರೂ ಇಲ್ಲ!

ಹಿಂದೆ ನಿಂತವರು ಯಾರು?

ರಾತ್ರಿ ಊರಿಗೆ ಬರುವಷ್ಟರಲ್ಲಿ ರೀಲು ಓಡಿತ್ತು. ಕಾಲರ್ ಏರಿಸಿಕೊಂಡು ಮಲಗಿದೆ. ಬೆಳಗ್ಗೆ ಬಾಗಿಲಲ್ಲಿ ಎದುರು ಬೀದಿಯ ಯಜಮಾನರು!

“ಏನಪ್ಪಾ, ನಿನ್ನ ಫೋನಲ್ಲಿ ನಮ್ಮ ಹುಡುಗಿ ಯಾಕಿದ್ದಾಳೆ?”

ಎದೆ ಧಸಕ್ಕೆಂದಿತು. ರೀಲು ಮತ್ತೆ ಹಾಕಿ ನೋಡಿದೆ. ನನ್ನ ಹೆಗಲ ಹಿಂದೆ, ಮೆಟ್ಟಿಲ ಹತ್ತಿರ, ಅವರ ಮಗಳು ಒಬ್ಬ ಹುಡುಗನ ಜೊತೆ ನಗುತ್ತಾ ನಿಂತಿದ್ದಾಳೆ. ನಾನು ನನ್ನ ಮುಖ ಬಿಟ್ಟು ಬೇರೇನೂ ನೋಡಿರಲೇ ಇಲ್ಲ! ಯಾರೋ ಆ ಇಬ್ಬರನ್ನೇ ಕತ್ತರಿಸಿ, ದೊಡ್ಡದು ಮಾಡಿ, ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದರು. ನಾನು ರೀಲು ಅಳಿಸಿದೆ. ಏನು ಪ್ರಯೋಜನ? ಪ್ರಿಂಟು ಆಗಲೇ ಊರೂರಿಗೆ ಹೋಗಿತ್ತು.

ಆ ಹುಡುಗಿಯ ಕಾಲೇಜು ನಿಂತಿತು. ಕ್ಷಮೆ ಕೇಳಲು ಅವರ ಮನೆಗೆ ಹೋದಾಗ ಆಕೆ ಹೇಳಿದ್ದು ಒಂದೇ ಮಾತು: “ಅಣ್ಣಾ, ನಿಮಗೆ ಲೈಕ್ ಬಂತು. ನನಗೆ ಕಾಲೇಜು ಹೋಯ್ತು.”

ತಲೆ ಎತ್ತಲಾಗಲಿಲ್ಲ ನನಗೆ.

ಅಭಿಮಾನಿಯೇ ವಿಲನ್!

ನೀವು ಕೇಳಬಹುದು, “ಗೊತ್ತಿಲ್ಲದೆ ಆದದ್ದು ತಪ್ಪಾ?” ಗೊತ್ತಿದ್ದೇ ಮಾಡಿದ ಕಥೆಯೂ ಇದೆ, ಕೇಳಿ. 2016ರ ‘ಕಿರಿಕ್ ಪಾರ್ಟಿ’ಯಿಂದ ಮನೆಮಾತಾದ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ... 2023ರ ನವೆಂಬರಿನಲ್ಲಿ ಅವರ ನಕಲಿ ವಿಡಿಯೋ ದೇಶವೆಲ್ಲ ಹರಿದಾಡಿತು. ಬ್ರಿಟನ್ನಿನ ಭಾರತೀಯ ಮೂಲದ ಯುವತಿಯೊಬ್ಬಳ ವಿಡಿಯೋಗೆ ರಶ್ಮಿಕಾ ಮುಖ ಅಂಟಿಸಿದ್ದರು. ಅಮಿತಾಭ್ ಬಚ್ಚನ್ ಕೂಡ ಕಾನೂನು ಕ್ರಮ ಆಗಲಿ ಎಂದರು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಗುಂಟೂರಿನ ಯುವಕನನ್ನು ಹಿಡಿದರು. ಯಾರು ಗೊತ್ತೇ? ಪೊಲೀಸರ ಪ್ರಕಾರ ಆತ ರಶ್ಮಿಕಾ ಅವರ ಅಭಿಮಾನಿ ಪುಟ ನಡೆಸುವವನು. ಫಾಲೋಯರ್ಸ್ ಏರಿಸಲು ಹಾಗೆ ಮಾಡಿದ! ಓದಿದಾಗ ಬೆವರಿದೆ. ನನ್ನ ಜಪವೂ ಅದೇ ಆಗಿತ್ತಲ್ಲ?

ನಾವು ಕಲಿಯಬೇಕಾದ ಹೆಸರು ಇನ್ನೊಂದಿದೆ. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಖಾಸಗಿತನ ಮೂಲಭೂತ ಹಕ್ಕು. ತಾರೆಗೂ ಉಂಟು, ನಮ್ಮ ಬೀದಿಯ ಹುಡುಗಿಗೂ ಉಂಟು.

ಬೀಗ ಎಲ್ಲಿದೆ?

ಈಗ ನಾನು ಮಾಡಿಕೊಂಡದ್ದು ಹೇಳುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಎರಡು ಖಾತೆ. ಅಪ್ಪು ಪುಟ ಎಲ್ಲರಿಗೂ. ಅದರಲ್ಲಿ ಮನೆ-ಬೀದಿಯವರ ಫೋಟೋ ಇಲ್ಲ. ನನ್ನದು ‘ಪ್ರೈವೇಟ್’. ಪ್ರೊಫೈಲಿನ ಮೂರು ಗೆರೆ ಒತ್ತಿ, ‘ಅಕೌಂಟ್ ಪ್ರೈವಸಿ’ಗೆ ಹೋದರೆ ಆ ಗುಂಡಿ ಸಿಗುತ್ತದೆ. ಆಮೇಲೆ ನಾನು ಒಪ್ಪಿದವರಷ್ಟೇ ಒಳಗೆ. ಆದರೆ ಹಳೇ ಫಾಲೋಯರ್ಸ್ ಹಾಗೇ ಉಳಿಯುತ್ತಾರೆ. ಅಪರಿಚಿತರನ್ನು ಕೈಯಾರೆ ತೆಗೆಯಬೇಕು. ಟ್ಯಾಗ್ ಮಾಡಿದರೆ ಮೊದಲು ನನ್ನನ್ನು ಕೇಳಲಿ ಅನ್ನುವ ಆಯ್ಕೆಯನ್ನೂ ಹಾಕಿದೆ.

ಫೇಸ್‌ಬುಕ್ಕಿನಲ್ಲಿ ‘ಲಾಕ್ ಪ್ರೊಫೈಲ್’ ಇದೆ. ವಾಟ್ಸಾಪಿನ ‘ಪ್ರೈವಸಿ’ಯಲ್ಲಿ ಫೋಟೋ ಯಾರು ನೋಡಬೇಕು, ಗುಂಪಿಗೆ ಯಾರು ಸೇರಿಸಬೇಕು ಎರಡಕ್ಕೂ ‘ಮೈ ಕಾಂಟ್ಯಾಕ್ಟ್ಸ್’ ಸಾಕು. ‘ಟೂ ಸ್ಟೆಪ್ ವೆರಿಫಿಕೇಷನ್’ ಹಾಕಿ ಆರು ಅಂಕಿಯ ಗುಟ್ಟಿನ ಸಂಖ್ಯೆ ಇಟ್ಟುಕೊಳ್ಳಿ, ಗೆಳೆಯನಿಗೂ ಹೇಳಬೇಡಿ! ನಿಮ್ಮ ಫೋಟೋ ಹಾಕಿ ನಕಲಿ ಖಾತೆ ತೆರೆದು ಯಾರಾದರೂ ದುಡ್ಡು ಕಿತ್ತರೆ, ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಲಿ. ಇನ್ನು ಊರಿನ ಹೆಸರು... ಅಲ್ಲಿದ್ದಾಗ ಹಾಕಬೇಡಿ, ಮನೆ ಸೇರಿದ ಮೇಲೆ ಹಾಕಿ.

ಆದರೆ ಮಿತ್ರರೇ, ನನ್ನ ಹಿಂದೆ ನಿಂತವರನ್ನು ಕಾಯುವ ಗುಂಡಿ ಯಾವ ಫೋನಿನಲ್ಲೂ ಇಲ್ಲ. ಅದು ಕೈಯಲ್ಲಿ ಫೋನು ಹಿಡಿದವನ ತಲೆಯಲ್ಲೇ ಇರಬೇಕು.

ಕ್ಲೈಮ್ಯಾಕ್ಸ್

ಆ ಹುಡುಗಿ? ಅವತ್ತು ಬೇಲೂರಿಗೆ ಹೋಗಿದ್ದು ಇಬ್ಬರಲ್ಲ, ಆರು ಜನ ಸಹಪಾಠಿಗಳು. ಉಳಿದ ನಾಲ್ವರು ನನ್ನ ಫ್ರೇಮಿನ ಆಚೆಗಿದ್ದರು, ಅಷ್ಟೇ! ಆ ನಾಲ್ವರನ್ನೂ ಕರೆದುಕೊಂಡು, ಅವರು ತೆಗೆದಿದ್ದ ಫೋಟೋಗಳ ಸಮೇತ ಮತ್ತೆ ಆ ಮನೆಗೆ ಹೋದೆ. ಯಜಮಾನರು ಒಂದೊಂದೇ ನೋಡಿದರು. “ಮೊದಲೇ ಮಗಳನ್ನ ಕೇಳಬೇಕಿತ್ತು ಕಣಪ್ಪ” ಅಂದರು. ಹನ್ನೊಂದು ದಿನದ ಮೇಲೆ ಆಕೆ ಕಾಲೇಜಿನ ದಾರಿ ಹಿಡಿದಳು. ನನ್ನನ್ನು ನೋಡಿದರೆ ಈಗಲೂ ಮುಖ ತಿರುಗಿಸುತ್ತಾಳೆ. ತಿರುಗಿಸಲಿ, ಅದು ಆಕೆಯ ಹಕ್ಕು.

ದರ್ಪಣ ಸುಂದರಿಯನ್ನು 900 ವರ್ಷದಿಂದ ಜನ ನೋಡುತ್ತಿದ್ದಾರೆ. ಅವಳು ಕಲ್ಲು, ಸಹಿಸಿಕೊಂಡಳು. ಜೀವ ಇರುವವರನ್ನು ಕೇಳಿ ತೆಗೆಯೋಣ. ನಿಮ್ಮ ಬಸ್ಸು ಬರೋಕೆ ಇನ್ನೂ ಹತ್ತು ನಿಮಿಷ ಇದೆಯಾ? ಪತ್ರಿಕೆ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಫೋನು ತೆಗೆದು ಆ ಮೂರು ಗೆರೆ ಒತ್ತಿ ನೋಡಿ. ಏನಂತೀರಿ?