ಮನೆಮಾತಲ್ಲದ ಹಾಡು

ಫ್ರೆಂಚರ ಭಾಷಾಭಿಮಾನ ಜಗತ್ಪ್ರಸಿದ್ಧವಾದುದು. ಜನಪ್ರಿಯ ಗೀತೆಗಳನ್ನು ಬಿತ್ತರಿಸುವ ರೇಡಿಯೋ ನಿಲಯಗಳು ಶೇಕಡಾ 40ರಷ್ಟಾದರೂ ಫ್ರೆಂಚ್ ಹಾಡುಗಳನ್ನು ಕೇಳಿಸಬೇಕೆಂಬ ಕಟ್ಟಳೆ 1996ರಲ್ಲಿ ಅಲ್ಲಿ ಜಾರಿಗೆ ಬಂದಿತು. ಅಂತಹ ನಾಡಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಹಾಡಿ, ಕಾಲು ಶತಮಾನ ಬಾಳಿದ ಮೇಳವೊಂದಿದೆ. ಅದರ ಹೆಸರು 'ಫೀನಿಕ್ಸ್'. ನುಡಿಯನ್ನು ಬಿಟ್ಟವರು ನಾಡನ್ನೂ ಬಿಟ್ಟಂತೆಯೇ ಎಂಬ ಪ್ರಶ್ನೆ ಇವರ ಹಾಡು ಕೇಳಿದಾಗಲೆಲ್ಲ ನನ್ನನ್ನು ಕಾಡುತ್ತದೆ.

ಮೇಳದ ನಾಲ್ವರೂ ಅರಮನೆಯ ಊರಾದ ವರ್ಸೇಲ್ಸಿನವರು. ಹಾಡುವವರು ತೋಮಾ ಮಾರ್ಸ್. ಬಾಸ್ ಗಿಟಾರ್ ದಾರ್ಸಿಯವರದು. ಉಳಿದೆರಡು ಗಿಟಾರುಗಳು ಮಜ್ಜಲೈ ಹಾಗೂ ಬ್ರಾಂಕೊವಿಟ್ಸ್ ಎಂಬ ಸೋದರರವು. ಬ್ರಾಂಕೊವಿಟ್ಸ್ ಮೊದಲು ಇಬ್ಬರು ಗೆಳೆಯರೊಡನೆ ಬೇರೊಂದು ಮೇಳ ಕಟ್ಟಿದ್ದರು. ಇಂಗ್ಲೆಂಡಿನ ಪತ್ರಿಕೆಯೊಂದು ಅದನ್ನು ಹೀನಾಯವಾಗಿ ಹಳಿಯಿತು. ಆ ಗೆಳೆಯರು ಬೈಗುಳದ ಪದಗಳನ್ನೇ ಬಿರುದಾಗಿ ಧರಿಸಿ 'ಡಾಫ್ಟ್ ಪಂಕ್' ಎಂದು ಲೋಕವಿಖ್ಯಾತರಾದರು! ಬ್ರಾಂಕೊವಿಟ್ಸ್ ತಮ್ಮನ ಮೇಳವನ್ನು ಸೇರಿಕೊಂಡರು.

2000ದಲ್ಲಿ ಬಂದ ಮೊದಲ ಧ್ವನಿಮುದ್ರಿಕೆ 'ಯುನೈಟೆಡ್'ನಲ್ಲಿ ಎಪ್ಪತ್ತರ ದಶಕದ ಅಮೆರಿಕದ ಸಾಫ್ಟ್ ರಾಕ್ ಸಂಗೀತದ ನಯವಿದೆ. ಕೀರ್ತಿ ಬಂದದ್ದು 2009ರ 'ವುಲ್ಫ್‌ಗ್ಯಾಂಗ್ ಅಮೆಡಿಯಸ್ ಫೀನಿಕ್ಸ್'ನಿಂದ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. ಇವರ ಸಾಹಿತ್ಯವನ್ನು ಕಾಗದದ ಮೇಲೆ ಓದಿದರೆ ಕವಿತೆಯಾಗಿ ನಿಲ್ಲದು. ವಾಕ್ಯಗಳು ಅರ್ಧಕ್ಕೇ ತುಂಡಾಗುತ್ತವೆ. ಆದರೆ ಇಂಗ್ಲಿಷರು ಎಂದೂ ಜೋಡಿಸದ ರೀತಿಯಲ್ಲಿ ಪದಗಳನ್ನು ಜೋಡಿಸುವುದರಿಂದಲೇ ಅದಕ್ಕೊಂದು ವಿಚಿತ್ರ ಸೊಗಸು. ಪರಭಾಷೆ ಇವರಿಗೆ ಮಾತಲ್ಲ, ಇನ್ನೊಂದು ವಾದ್ಯ. ವಸ್ತುವಾದರೋ ಮನೆಯದೇ. '1901' ಎಂಬ ಹಾಡಿನಲ್ಲಿರುವುದು ಆ ಕಾಲದ ಪ್ಯಾರಿಸಿನ ಕನಸು. 'ಲಿಸ್ಟೋಮೇನಿಯಾ' ಎಂಬ ಪದವನ್ನು ಟಂಕಿಸಿದವನು ಪ್ಯಾರಿಸಿನಲ್ಲಿ ನೆಲೆಸಿದ್ದ ಜರ್ಮನ್ ಕವಿ ಹೈನೆ. ಪಿಯಾನೋ ವಾದಕ ಲಿಸ್ಟ್‌ನ ಕಚೇರಿಗಳಲ್ಲಿ ಶ್ರೋತೃಗಳಿಗೆ ಹಿಡಿಯುತ್ತಿದ್ದ ಹುಚ್ಚಿಗೆ ಅವನಿಟ್ಟ ಹೆಸರದು.

2015ರ ನವೆಂಬರಿನಲ್ಲಿ ಭಯೋತ್ಪಾದಕರ ದಾಳಿಯಿಂದ ಪ್ಯಾರಿಸ್ ತತ್ತರಿಸಿತು. ಬಾತಾಕ್ಲಾಂ ರಂಗಮಂದಿರದಲ್ಲಿ ಸಂಗೀತ ಕೇಳಲು ಬಂದವರೇ ಹತರಾದರು. ಆ ದಿನಗಳಲ್ಲಿ ಇವರು ಅದೇ ನಗರದಲ್ಲಿ ಕುಳಿತು ಇಟಲಿಯ ಬೇಸಗೆಯನ್ನು, ಪ್ರಣಯವನ್ನು ಹಾಡುವ 'ತಿ ಆಮೋ'ವನ್ನು ರಚಿಸುತ್ತಿದ್ದರು. ಅದು 2017ರಲ್ಲಿ ಹೊರಬಂದಾಗ ಕೆಲವರಿಗೆ ಹಗುರವೆನಿಸಿತು. ನನಗೆ ಹಾಗೆನಿಸಲಿಲ್ಲ. ಸೋದರರ ತಂದೆ ಇಟಲಿಯವರು. ಕಷ್ಟಕಾಲದಲ್ಲಿ ನೆನಪಾದದ್ದು ಪಿತೃಭಾಷೆ.

2024ರ ಆಗಸ್ಟ್ 11ರಂದು ಪ್ಯಾರಿಸ್ ಒಲಿಂಪಿಕ್ಸಿನ ಸಮಾರೋಪದಲ್ಲಿ ಫ್ರಾನ್ಸಿನ ಪರವಾಗಿ ವೇದಿಕೆಯೇರಿದವರಲ್ಲಿ ಇವರೂ ಇದ್ದರು. ಕ್ರೀಡಾಂಗಣದಲ್ಲಿ ಮೊಳಗಿದ ಅವರ '1901' ಎಂದಿನಂತೆ ಇಂಗ್ಲಿಷಿನಲ್ಲಿಯೇ ಇತ್ತು.