ಕಾಡಿನಿಂದ ಪಡೆದುದನ್ನು ಕಾಡಿಗೇ ಮರಳಿಸೋಣ

ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವ ಪದ್ಧತಿ ನಮಗೆ ಹಿರಿಯರಿಂದ ಬಂದುದು. ಮರವು ಮಣ್ಣಿನಿಂದ ಹೀರಿಕೊಂಡ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂ, ರಂಜಕಗಳು ಬಹುಮಟ್ಟಿಗೆ ಬೂದಿಯಲ್ಲಿಯೇ ಉಳಿಯುತ್ತವೆ. ಸಾರಜನಕ ಮಾತ್ರ ಹೊಗೆಯೊಡನೆ ಹೊರಟುಹೋಗುತ್ತದೆ. ಹಿತ್ತಲಿನ ಈ ಸರಳ ಸತ್ಯವನ್ನು ಸ್ವೀಡನ್ ದೇಶವು ಅರಣ್ಯಗಳಲ್ಲಿ ಆಚರಣೆಗೆ ತರಲು ಶ್ರಮಿಸುತ್ತಿದೆ.

ಅಲ್ಲಿನ ಪಟ್ಟಣಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ಒಂದೆಡೆ ಕಾಯಿಸಿದ ನೀರನ್ನು ಕೊಳವೆಗಳಲ್ಲಿ ಹರಿಸುತ್ತಾರೆ. ಮರ ಕಡಿದಾಗ ಉಳಿಯುವ ರೆಂಬೆ, ತುದಿ, ತೊಗಟೆಗಳು ಅದಕ್ಕೆ ಮುಖ್ಯ ಇಂಧನಗಳಲ್ಲೊಂದು. ಕಲ್ಲಿದ್ದಲು, ತೈಲಗಳನ್ನು ಉರಿಸುವುದು ಇದರಿಂದ ತಗ್ಗಿದೆ, ನಿಜ. ಆದರೆ ಕಾಂಡಕ್ಕಿಂತ ರೆಂಬೆ-ಎಲೆಗಳಲ್ಲಿಯೇ ಪೋಷಕಾಂಶಗಳು ಸಾಂದ್ರವಾಗಿರುತ್ತವೆ. ಆಮ್ಲಮಳೆಯಿಂದ ಮೊದಲೇ ಬಡವಾಗಿದ್ದ ದಕ್ಷಿಣ ಸ್ವೀಡನ್ನಿನ ಮಣ್ಣು ಇದರಿಂದ ಇನ್ನಷ್ಟು ಬಡವಾಗುತ್ತದೆ.

ಹಾಗೆಂದು ಹಸಿಬೂದಿಯನ್ನು ಕಾಡಿಗೆ ಚೆಲ್ಲುವಂತಿಲ್ಲ. ಅದರ ತೀವ್ರ ಕ್ಷಾರಕ್ಕೆ ಹಾವಸೆ, ಎಳೆಯ ಸಸ್ಯಗಳು ಸುಟ್ಟುಹೋಗುತ್ತವೆ. ಆದಕಾರಣ ಬೂದಿಗೆ ನೀರು ಬೆರೆಸಿ ಕೆಲವು ತಿಂಗಳು ರಾಶಿ ಹಾಕುತ್ತಾರೆ. ಅದರಲ್ಲಿನ ಸುಟ್ಟಸುಣ್ಣವು ಅರಳಿ, ಗಾಳಿಯ ಇಂಗಾಲಾಮ್ಲವನ್ನು ಹೀರಿ, ಗೋಡೆಗೆ ಬಳಿದ ಸುಣ್ಣದಂತೆಯೇ ಗಟ್ಟಿಯಾಗುತ್ತದೆ. ಬಳಿಕ ಅದನ್ನು ಪುಡಿಮಾಡಿ ಜರಡಿ ಹಿಡಿಯುತ್ತಾರೆ. ಕೆಲವೆಡೆ ಕಾಳುಗಳಂತೆ ಉಂಡೆ ಕಟ್ಟುವುದೂ ಉಂಟು. ಹೀಗೆ ಪಳಗಿದ ಬೂದಿ ವರ್ಷಗಳ ಕಾಲ ಮೆಲ್ಲನೆ ಕರಗುತ್ತದೆ.

ಪರೀಕ್ಷೆಯೂ ಕಡ್ಡಾಯವೇ ಸರಿ. ಕ್ಯಾಡ್ಮಿಯಂ ಎಂಬ ವಿಷಲೋಹವು ಕಿಲೋಗ್ರಾಂ ಬೂದಿಗೆ 30 ಮಿಲಿಗ್ರಾಂ ಮೀರಬಾರದು; ಹತ್ತು ವರ್ಷಗಳಲ್ಲಿ ಹೆಕ್ಟೇರಿಗೆ 3 ಟನ್ನಿಗಿಂತ ಹೆಚ್ಚು ಹರಡಬಾರದು ಎಂಬುದು ಅಲ್ಲಿನ ಅರಣ್ಯ ಇಲಾಖೆಯ ಸೂಚನೆ. 1986ರ ಚೆರ್ನೋಬಿಲ್ ದುರಂತದ ಸೀಸಿಯಂ ಬಿದ್ದ ಕಾಡುಗಳ ಬೂದಿಯಲ್ಲಿ ವಿಕಿರಣವನ್ನೂ ಅಳೆಯಬೇಕಾಗುತ್ತದೆ.

ಇಷ್ಟಾದರೂ ಬೂದಿಯ ಬಹುಪಾಲು ಕಾಡಿಗೆ ಮರಳುತ್ತಿಲ್ಲ. ಕಾರಣ ಸರಳ. ಫಿನ್ಲೆಂಡಿನ ನೀರು ಬಸಿದ ಜೌಗುನೆಲಗಳಲ್ಲಿ ಸಾರಜನಕ ಹೇರಳವಾಗಿರುವುದರಿಂದ ಬೂದಿ ಬಿದ್ದೊಡನೆ ಮರಗಳು ಹುಲುಸಾಗುತ್ತವೆ. ಸ್ವೀಡನ್ನಿನ ಸಾಮಾನ್ಯ ಕಾಡುನೆಲದಲ್ಲಾದರೋ ಸಾರಜನಕದ್ದೇ ಕೊರತೆ. ಆದ್ದರಿಂದ ಬೆಳೆ ಕಣ್ಣಿಗೆ ಕಾಣುವಷ್ಟು ಹೆಚ್ಚುವುದಿಲ್ಲ. ಇಂದಿನ ಒಡೆಯನಿಗೆ ಖರ್ಚು, ಫಲ ಮೊಮ್ಮಕ್ಕಳ ಕಾಲದ ಮಣ್ಣಿಗೆ.

ಲಾಭ ಕಾಣದಿದ್ದರೂ ಪಡೆದುದನ್ನು ಹಿಂದಿರುಗಿಸುವುದೇ ನ್ಯಾಯವಲ್ಲವೇ? ನಮ್ಮ ಹಿತ್ತಲಿಗೂ ಈ ನ್ಯಾಯ ಸಲ್ಲುತ್ತದೆ. ಪ್ಲಾಸ್ಟಿಕ್ ಅಥವಾ ಬಣ್ಣ ಬಳಿದ ಹಲಗೆ ಸುಟ್ಟ ಬೂದಿಯನ್ನು ಮರದ ಬುಡಕ್ಕೆ ಹಾಕದಿರೋಣ. ಶುದ್ಧ ಸೌದೆಯ ಬೂದಿಯನ್ನು ಹಿತಮಿತವಾಗಿ ಮಣ್ಣಿಗೆ ಸೇರಿಸೋಣ. ಮಣ್ಣಿನ ಋಣವನ್ನು ಮುಂದಿನ ಪೀಳಿಗೆಯ ತಲೆಗೆ ಕಟ್ಟುವುದು ನಮಗೆ ತಕ್ಕುದಲ್ಲ.