ದಿನಕ್ಕಿಷ್ಟು ಸರಳೆ, ವೇದಿಕೆಗೆ ಧೈರ್ಯ

ಶಾಲೆಯ ವಾರ್ಷಿಕೋತ್ಸವದಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ಮನೆಯಲ್ಲಿ ಚೆನ್ನಾಗಿ ಹಾಡುವ ಮಗು ಮೈಕಿನ ಮುಂದೆ ನಿಂತಾಗ ಎರಡನೇ ಸಾಲಿಗೇ ತಡವರಿಸುತ್ತದೆ. ಕೆಳಗೆ ಕುಳಿತವರು "ಹೆದರಬೇಡ, ಹಾಡು" ಎನ್ನುತ್ತಾರೆ. ಮರುವರ್ಷ ಆ ಮಗು ಹೆಸರು ಕೊಡುವುದೇ ಇಲ್ಲ. ಕೆಲವರು ಪಾಠವನ್ನೇ ಬಿಟ್ಟುಬಿಡುತ್ತಾರೆ. ಧೈರ್ಯ ಹೇಳಿದ ಮಾತ್ರಕ್ಕೆ ಬರುವುದಿಲ್ಲ. ಅಭ್ಯಾಸ ಮಾಡುವ ರೀತಿಯಿಂದ ಬರುತ್ತದೆ.

ಆ ರೀತಿಯನ್ನು ಕಲಿಸಿದವರು ನಮ್ಮ ನೆರೆಯವರೇ. ಗಾದಿಗನೂರಿನಿಂದ ಹೊಸಪೇಟೆ ದಾಟಿದರೆ ಹಂಪಿ. ಅಲ್ಲಿ ವಿಠ್ಠಲ ದೇವಸ್ಥಾನದ ಸಮೀಪ, ತುಂಗಭದ್ರೆಯ ದಂಡೆಯಲ್ಲಿ ಪುರಂದರ ಮಂಟಪವಿದೆ. 1564ರಲ್ಲಿ ತೀರಿಕೊಂಡ ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಕರೆಯುತ್ತೇವೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆಗಳಿಂದ ಪಾಠ ಆರಂಭಿಸುವ ಕ್ರಮ ಅವರಿಂದಲೇ ಬಂದದ್ದು ಎಂಬುದು ಹಿರಿಯರ ಮಾತು.

ಸರಳೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ತಾಳದ ಒಂದು ಎಣಿಕೆಗೆ ಮೊದಲು 1 ಸ್ವರ, ಆಮೇಲೆ 2, ಕೊನೆಗೆ 4. ಕೈಯ ತಾಳ ಮಾತ್ರ ಬದಲಾಗದು. ವೇದಿಕೆಯಲ್ಲಿ ಎದೆ ಹೊಡೆದುಕೊಂಡಾಗ ಹಾಡು ತಾನಾಗಿ ಓಡತೊಡಗುತ್ತದೆ. ಆಗ ಹಿಡಿದು ನಿಲ್ಲಿಸುವುದು ಈ ತಾಳವೇ.

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು ನಾನು. ಹಾಗಾಗಿ ಒಂದು ಲೆಕ್ಕ ಹೇಳುತ್ತೇನೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ 2 ಆಣೆ ಕೊಟ್ಟರೂ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಸಂಗೀತವೂ ಪಿಗ್ಮಿಯಂತೆಯೇ. ದಿನಕ್ಕೆ 20 ನಿಮಿಷ ಹಾಡಿದರೆ ವಾರಕ್ಕೆ 140 ನಿಮಿಷ. ಆ 140 ನಿಮಿಷವನ್ನು ಭಾನುವಾರ ಒಂದೇ ಸಲ ಹಾಡಿದರೆ ಗಂಟಲು ದಣಿಯುತ್ತದೆ, ಕಲಿತದ್ದು ನಿಲ್ಲುವುದಿಲ್ಲ.

ಇನ್ನೊಂದು ಮಾತು. ಸಂಜೆ ನಗದು ತಾಳೆಯಾಗದಿದ್ದರೆ ನಾವು ವ್ಯತ್ಯಾಸ ಎಲ್ಲಿದೆಯೆಂದು ಹುಡುಕಿ, ಆ ಚೀಟಿಯನ್ನೇ ಸರಿಪಡಿಸುತ್ತಿದ್ದೆವು. ಹಾಡಿನಲ್ಲಿ ತಪ್ಪಿದರೂ ಪ್ರತಿಸಲ ಪಲ್ಲವಿಯಿಂದ ಶುರು ಮಾಡಬೇಡಿ. ತಪ್ಪಿದ ಸಾಲನ್ನಷ್ಟೇ ತೆಗೆದುಕೊಂಡು ನಿಧಾನವಾಗಿ ಐದಾರು ಸಲ ಹಾಡಿ. ಆಮೇಲೆ ಹಿಂದಿನ ಸಾಲಿಗೆ ಜೋಡಿಸಿ. ಹಾಡನ್ನು ಯಾವ ಚರಣದಿಂದಲಾದರೂ ಎತ್ತಿಕೊಳ್ಳುವುದನ್ನು ಕಲಿಯಿರಿ. ಆಗ ವೇದಿಕೆಯಲ್ಲಿ ಒಂದು ಪದ ಮರೆತರೂ ಮುಂದಿನದು ಬಾಯಿಗೆ ಬರುತ್ತದೆ.

ಅಜ್ಜ-ಅಜ್ಜಿಯರೇ, ಇಲ್ಲಿ ನಿಮಗೂ ಕೆಲಸವಿದೆ. ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು, ಟಿವಿ ಆರಿಸಿ, ಮಗುವಿನ ಹಾಡು ಕೇಳಿ. ಮಧ್ಯೆ ತಿದ್ದಬೇಡಿ, ತಪ್ಪಿದರೂ ಕೊನೆಯವರೆಗೆ ಹಾಡಲಿ. ಮುಗಿದ ಮೇಲೆ ಚೆನ್ನಾಗಿದ್ದ ಒಂದು ಸಂಗತಿ, ತಿದ್ದಬೇಕಾದ ಒಂದು ಸಂಗತಿ ಹೇಳಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ಪುಷ್ಯ ಮಾಸದ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತದೆ. ಹಲವೆಡೆ ಗೋಷ್ಠಿ ಗಾಯನ ನಡೆಯುತ್ತದೆ. ಮೊದಲ ವರ್ಷ ನಿಮ್ಮ ಮೊಮ್ಮಗಳು ಹತ್ತು ದನಿಗಳ ನಡುವೆ ಹಾಡಲಿ. ಮರುವರ್ಷ ಒಂದು ಚರಣ ಒಬ್ಬಳೇ ಹಾಡುತ್ತೇನೆಂದು ತಾನೇ ಕೇಳಬಹುದು.